ಮಗುವಿನ ತಲೆಯ ಮೇಲಿನ ಆಣೆ

ಚನ್ನಪಟ್ಟಣದಲ್ಲಿ ಹೆಂಗಸರಿಗೆ ರೇಷ್ಮೆ ನೂಲು ತೆಗೆಯುವುದನ್ನು ಕಲಿಸುವ ತರಗತಿ ಶುರುವಾದಾಗ, ದೊಡ್ಡ ಜ್ವರ ಊರೂರನ್ನು ಗುಡಿಸಿಕೊಂಡು ಹೋಗಿ ಇನ್ನೂ ವರ್ಷ ತುಂಬಿರಲಿಲ್ಲ. ಸೇರಿದ ಹನ್ನೆರಡು ಮಂದಿಯಲ್ಲಿ ಕೈಲಾಂಚದ ಬೋರಮ್ಮ ಒಬ್ಬಳು. ಗಂಡ ತಿಮ್ಮಯ್ಯ ಹಿಪ್ಪುನೇರಳೆ ಬೆಳೆಯುತ್ತಿದ್ದ, ಅತ್ತೆ ಹುಳು ಮೇಯಿಸುತ್ತಿದ್ದಳು. ನೂಲು ತೆಗೆಯುವ ವಿದ್ಯೆಯೂ ಮನೆಗೆ ಬರಲಿ ಎಂದು ಹಟ ಹಿಡಿದು, ನಾಲ್ಕು ವರ್ಷದ ಮಗಳು ಕೆಂಪಿಯನ್ನು ಅತ್ತೆಯ ಮಡಿಲಿಗೆ ಹಾಕಿ ಬಂದಿದ್ದಳು.

ಅವಳ ಪಕ್ಕದ ಒಲೆ ಮಾಗಡಿಯ ಸರ್ವಮಂಗಳೆಯದು. ಲಿಂಗವಂತರ ಮನೆಯ ಇಪ್ಪತ್ತರ ಹೆಣ್ಣು. ಆ ಜ್ವರದಲ್ಲಿ ಗಂಡನೂ ಹೋಗಿದ್ದ, ಎಂಟು ತಿಂಗಳ ಕೂಸೂ ಹೋಗಿತ್ತು. ಅಡುಗೆ ಬೇರೆ ಬೇರೆಯಾದರೂ ಇಬ್ಬರೂ ಮಲಗುತ್ತಿದ್ದುದು ಒಂದೇ ಕೋಣೆಯಲ್ಲಿ. ಬಂದ ವಾರಕ್ಕೇ ಅವಳು ಬೋರಮ್ಮನನ್ನು ‘ಅಕ್ಕ’ ಅನ್ನತೊಡಗಿದ್ದಳು.

ಕುದಿಯುವ ನೀರಿನಲ್ಲಿ ಗೂಡು ಬೇಯಿಸಿ ಎಳೆ ಹುಡುಕುವ ಕೆಲಸ. ಬೆರಳು ಅದ್ದಿಕೊಳ್ಳಲು ಪ್ರತಿಯೊಬ್ಬರ ಪಕ್ಕದಲ್ಲೂ ಒಂದು ಬೋಗುಣಿ ತಣ್ಣೀರು. ಸರ್ವಮಂಗಳೆಯ ಬೋಗುಣಿಯ ಮೇಲೆ ಧೂಳು ಕೆನೆ ಕಟ್ಟಿರುವುದು ಒಂದು ದಿನ ಬೋರಮ್ಮನ ಕಣ್ಣಿಗೆ ಬಿತ್ತು. ಮಾರನೆಯ ದಿನವೂ ಹಾಗೇ, ಅವಳು ಬೆರಳನ್ನೇ ಅದ್ದಿರಲಿಲ್ಲ. ಮೂರನೆಯ ದಿನ, ಸೆರಗಿನಲ್ಲಿ ಮುಚ್ಚಿಟ್ಟಿದ್ದ ಎಡಗೈ ಕಂಡಿತು. ಕೆಲಸದಲ್ಲಿ ಸುಡುವುದು ಬೆರಳ ತುದಿ. ಇವಳ ಗಾಯ ಮಣಿಕಟ್ಟು ದಾಟಿತ್ತು.

ಬಾವಿಯ ಹತ್ತಿರ ಇಬ್ಬರೇ ಇದ್ದಾಗ ಬೋರಮ್ಮ ಸುತ್ತಿಬಳಸದೆ ಕೇಳಿದಳು. “ಬೇಕೂಂತ್ಲೇ ಮಾಡ್ಕೊತಾ ಇದ್ದೀಯಾ, ಅಮ್ಮಿ?”

ಸರ್ವಮಂಗಳೆ ಕೈಯಲ್ಲಿದ್ದ ಹಗ್ಗವನ್ನು ಬಾವಿಯ ಕಟ್ಟೆಯ ಮೇಲೆ ಹಾಕಿದಳು.

“ಜ್ವರ ಐತೆ, ಬರಬ್ಯಾಡ ಅಂತ ನನ್ನವ್ವ ಹೇಳಿಕಳ್ಸಿದ್ಲು. ನಾನು ಕೂಸ್ನ ಎತ್ಕೊಂಡು ತೌರಿಗೆ ಹೋದೆ. ಇದು ನಂಗೆ ಆಗ್ಬೇಕಾದ್ದೇ ಕಣಕ್ಕ.” ಆಮೇಲೆ ಬೋರಮ್ಮನ ಕೈ ಹಿಡಿದುಕೊಂಡಳು. “ಯಾರ್ಗೂ ಹೇಳಲ್ಲ ಅಂತ ಕೆಂಪಿ ತಲೆ ಮೇಲೆ ಆಣೆ ಮಾಡು. ಗೊತ್ತಾದ್ರೆ ಅತ್ತೆ ಮನೆಗೆ ಅಟ್ಬುಡ್ತಾರೆ. ಅಲ್ಲಿ ನನ್ನ ಮಕ ನೋಡೋರಿಲ್ಲ.”

ಆ ಕಣ್ಣು ನೋಡಿ ಹೆದರಿದ ಬೋರಮ್ಮ ಆಣೆ ಮಾಡಿಬಿಟ್ಟಳು.

ಎಂಟು ದಿನ ತಾನೇ ಕಾವಲು ಕಾದಳು. ಒಲೆಯ ಮುಂದೆ ಒಂದು ಕಣ್ಣು ತನ್ನ ಎಳೆಯ ಮೇಲೆ, ಇನ್ನೊಂದು ಪಕ್ಕದ ಕೈಯ ಮೇಲೆ. ತರಗತಿಯಲ್ಲಿ ಜೊತೆಗೆ ಕಲಿಯುತ್ತಿದ್ದ ಮುನಿಯಮ್ಮ ಇದನ್ನೆಲ್ಲ ಗಮನಿಸಿ, “ನಾನೂ ನೋಡಿದ್ದೀನಿ ಕಣೆ. ಅವಳ ಸಂಕಟ ಅವಳ್ದು. ನೀನ್ಯಾಕೆ ಮಧ್ಯೆ ಹೋಗಿ ನಿಲ್ತೀಯಾ? ನಾಳೆ ಹೆಚ್ಚುಕಮ್ಮಿ ಆದ್ರೆ ನಿನ್ನ ತಲೆಗೇ ಬತ್ತದೆ” ಎಂದಳು. ಒಂಬತ್ತನೆಯ ದಿನ ಬೋರಮ್ಮ ಸೌದೆ ತರಲು ಹೋಗಿ ಬರುವಷ್ಟರಲ್ಲಿ ಸರ್ವಮಂಗಳೆಯ ತೋಳಿಗೆ ಹೊಸ ಬಟ್ಟೆ ಸುತ್ತಿತ್ತು. ಒಬ್ಬಳ ಕೈಯಲ್ಲಿ ಆಗುವ ಕಾವಲಲ್ಲ ಇದು ಎಂದು ಬೋರಮ್ಮನಿಗೆ ಆಗಲೇ ತಿಳಿದುಹೋಯಿತು.

ಶನಿವಾರ ಬೆಳಗ್ಗೆ ಎದ್ದವಳೇ ಕೆಂಗಲ್ಲಿನವರೆಗೂ ನಡೆದಳು. ಆಂಜನೇಯನ ಮುಂದೆ ಕೈ ಮುಗಿದು ನಿಂತಳು. “ಆಣೆ ಮುರೀತೀನಿ ಸ್ವಾಮಿ. ಕೇಳೋದಿದ್ರೆ ನನ್ನ ಕೇಳು, ಮಗೂನ ಕೇಳ್ಬ್ಯಾಡ” ಎಂದು ಅಡ್ಡಬಿದ್ದು, ಬಂದ ದಾರಿಯಲ್ಲೇ ಬಿರಬಿರನೆ ಹಿಂತಿರುಗಿದಳು.

ಮೊದಲು ಹೋದದ್ದು ಸರ್ವಮಂಗಳೆಯ ಹತ್ತಿರ.

“ಅಮ್ಮಾವ್ರಿಗೆ ಹೇಳೋಕೆ ಹೋಗ್ತಾ ಇದ್ದೀನಿ. ಕದ್ದು ಹೋಗಲ್ಲ, ನಿಂಗೆ ಹೇಳೇ ಹೋಗ್ತೀನಿ. ಬತ್ತೀಯಾ ಜೊತೇಲಿ?”

ಸರ್ವಮಂಗಳೆ ತಟ್ಟನೆ ಎದ್ದು ನಿಂತಳು. “ಹೆತ್ತ ಮಗಳ ತಲೆ ಮೇಲೆ ಆಣೆ ಮಾಡಿದ್ಯಲ್ಲೇ!”

“ಮಾಡಿದ್ದೆ. ತಪ್ಪು ಮಾಡ್ದೆ.”

ಅಮ್ಮಾವ್ರೆಂದರೆ ದೊಡ್ಡಲಕ್ಷ್ಮಮ್ಮ, ತರಗತಿಯನ್ನೂ ತಂಗುವ ಮನೆಯನ್ನೂ ನೋಡಿಕೊಳ್ಳುತ್ತಿದ್ದ ಗಟ್ಟಿಗಿತ್ತಿ. ಒಬ್ಬಳೇ ಬಂದ ಬೋರಮ್ಮ ಹೇಳಿದ್ದನ್ನೆಲ್ಲ ಕೇಳಿ ಹುಬ್ಬು ಗಂಟಿಕ್ಕಿದರು.

“ಇಂಥೋಳ್ನ ಇಟ್ಕೊಳ್ಳೋಕಾಗಲ್ಲ. ಅವಳ ಮಾವನಿಗೆ ಕಾಗದ ಬರೀತೀನಿ.”

ಬೋರಮ್ಮ ಅಲ್ಲಿಂದ ಕದಲಲಿಲ್ಲ. “ಮಾವನಿಗೆ ಬ್ಯಾಡಿ ಅಮ್ಮಾವ್ರೇ. ಕನಕಪುರದಲ್ಲಿ ಅವಳಣ್ಣ ವೃಷಭೇಂದ್ರಪ್ಪ ಅವ್ನೆ, ಅವ್ನಿಗೆ ಬರೀರಿ. ಡಾಕ್ಟ್ರುನ್ನ ಇವತ್ತೇ ಕರೆಸಿ. ಒಲೆ ಹತ್ರ ಕೂರುಸ್ಬ್ಯಾಡಿ, ಗೂಡು ಆರ್ಸೋ ಕೆಲ್ಸ ಕೊಡಿ. ನಾನೂ ಅಲ್ಲೇ ಕೂತ್ಕೊತೀನಿ.”

“ನಿನ್ನ ಕಲಿಕೆ ಹಿಂದೆ ಬೀಳುತ್ತಲ್ಲ?”

“ಬೀಳ್ಲಿ.”

ದೊಡ್ಡಲಕ್ಷ್ಮಮ್ಮ ಕಾಗದ ಎಳೆದುಕೊಂಡು, “ಅಣ್ಣನ ಹೆಸರು ಇನ್ನೊಂದು ಸಲ ಹೇಳು” ಎಂದರು.

ಡಾಕ್ಟರು ಅಂದೇ ಬಂದು ಮುಲಾಮು ಕೊಟ್ಟು, ದಿನಾ ಬೆಳಗ್ಗೆ ಬಟ್ಟೆ ಬದಲಿಸಬೇಕು ಎಂದರು. ಐದನೆಯ ದಿನ ಅಣ್ಣ ಗಾಡಿ ಕಟ್ಟಿಕೊಂಡು ಬಂದ. ತಂಗಿಯ ಕೈ ನೋಡಿ ಜಗಲಿಯ ಮೇಲೆ ಅವಳ ಪಕ್ಕದಲ್ಲೇ ಕೂತ. “ನಂಗೆ ಒಂದು ಮಾತು ಹೇಳ್ಬಾರ್ದಿತ್ತಾ ತಾಯಿ? ಕೂಸು ನಿನ್ನಿಂದ ಹೋಗ್ಲಿಲ್ಲ ಕಣವ್ವ. ಮನೆ ಬಿಟ್ಟು ಕದಲ್ದೇ ಇದ್ದೋರ ಕೂಸುಗಳೂ ಹೋದ್ವು” ಎಂದು ಅತ್ತ. ತಿಂಗಳಿಗೆರಡು ಸಲ ತಾನೇ ಬಂದು ಹೋಗುವುದಾಗಿ ದೊಡ್ಡಲಕ್ಷ್ಮಮ್ಮನವರಿಗೆ ಮಾತು ಕೊಟ್ಟ.

ಸರ್ವಮಂಗಳೆ ಮಾತ್ರ ಬೋರಮ್ಮನ ಜೊತೆ ಮಾತು ಬಿಟ್ಟಳು. ಬೋರಮ್ಮ ದಿನಾ ಬೆಳಗ್ಗೆ ಮುಲಾಮು ಹಿಡಿದು ಎದುರು ಕೂರುವಳು, ಅವಳು ಗೋಡೆ ನೋಡುತ್ತ ಕೈ ಚಾಚುವಳು. ಹಗಲೆಲ್ಲ ಇಬ್ಬರೂ ಒಂದೇ ಮೊರದ ಎರಡು ಬದಿಗೆ ಕೂತು ಒಳ್ಳೆ ಗೂಡು, ಕೆಟ್ಟ ಗೂಡು ಆರಿಸುವರು. ಹತ್ತು ದಿನ ಹೀಗೇ ಕಳೆಯಿತು. ಬೋರಮ್ಮನಿಗೆ ಒಳಗೊಳಗೇ ಅಳು ಬರುತ್ತಿತ್ತು, ಆದರೆ ಒಂದು ದಿನವೂ ತಪ್ಪಿಸಲಿಲ್ಲ.

ಹನ್ನೊಂದನೆಯ ಬೆಳಗ್ಗೆ ಸರ್ವಮಂಗಳೆಯೇ ಬಾಯಿ ಬಿಟ್ಟಳು. “ನೀನು ಹೇಳ್ಬುಟ್ಟಿದ್ದಕ್ಕೆ ನಂಗೆ ಇನ್ನೂ ಸಿಟ್ಟೈತೆ.”

“ಇರ್ಲಿ. ಕೈ ಕೊಡು.”

“ನನ್ನ ಕೂಸಿನ ಹೆಸರು ಗುರುಸಿದ್ದ. ಯಾರೂ ಕೇಳ್ಲೇ ಇಲ್ಲ.”

ಬೋರಮ್ಮ ಮುಲಾಮನ್ನು ಪಕ್ಕಕ್ಕಿಟ್ಟಳು. ಕೇಳುತ್ತ ಹೋದಳು. ಮೊದಲ ಹಲ್ಲು, ನಗು, ಗಾಡಿಯಲ್ಲಿ ತೌರಿಗೆ ಹೋದ ದಾರಿ. ಅಂದು ಇಬ್ಬರೂ ಕೆಲಸಕ್ಕೆ ತಡವಾಗಿ ಹೋದರು.

ಗಾಯ ಮಾಯಲು ಎರಡು ತಿಂಗಳು ಹಿಡಿಯಿತು. ಸಂಕಟ ಅಷ್ಟು ಬೇಗ ಹೋಗುವಂಥದ್ದಲ್ಲ, ನಡುವೆ ಕೆಟ್ಟ ದಿನಗಳೂ ಬಂದವು. ಮಳೆ ಹಿಡಿದಿದ್ದ ಒಂದು ಮಧ್ಯಾಹ್ನ ಸರ್ವಮಂಗಳೆ ತಾನಾಗಿಯೇ ಎದ್ದು ಬೋರಮ್ಮನ ಪಕ್ಕಕ್ಕೆ ಬಂದಳು.

“ಅಕ್ಕ, ಇವತ್ತು ಆಗ್ತಾ ಇಲ್ಲ. ಒಬ್ಳೇ ಇರೋಕೆ ಭಯ ಆಯ್ತದೆ.”

ಬೋರಮ್ಮ ಮೊರ ಕೆಳಗಿಟ್ಟು ಚಾಪೆಯ ಮೇಲೆ ತುಸು ಆ ಕಡೆ ಜರುಗಿದಳು.

“ಬಾ, ಕೂತ್ಕೊ” ಎಂದಳು.