ಕರಿಯನ ಹಗಲುನಿದ್ದೆ

ಕೊಟ್ಟಿಗೆಹಾರದಿಂದ ಒಳಗೆ ಮೂರೆಕರೆ ಕಾಫಿ ಮಾಡಿಕೊಂಡಿದ್ದ ರುದ್ರಪ್ಪನಿಗೆ ಆ ತಿಂಗಳೆಲ್ಲ ತನ್ನ ನಾಯಿಯದೇ ಚಿಂತೆ. ಮಂಗಗಳು ಅಂಗಳಕ್ಕಿಳಿದು ಬಾಳೆಗೊನೆ ಕಿತ್ತರೂ ಕರಿಯ ಕಣ್ಣು ಬಿಡುತ್ತಿರಲಿಲ್ಲ. ಬೆಳಗಾಗುವುದೇ ತಡ, ಸೌದೆ ಒಟ್ಟಿದ ಮೂಲೆಯಲ್ಲಿ ಮುದುಡಿ ಮಲಗಿತೆಂದರೆ ಅನ್ನದ ತಟ್ಟೆ ಸದ್ದಾದರೂ ಏಳದು.

“ಇದ್ರ ಕಾಲ ಮುಗೀತು. ಬೇರೆ ಮರಿ ತರಾಣ,” ಎಂದಳು ಹೆಂಡತಿ ವಿಮಲಮ್ಮ.

ರುದ್ರಪ್ಪ ಒಪ್ಪಲಿಲ್ಲ. ಪಾಯಿಖಾನೆ ಇದ್ದದ್ದು ಅಂಗಳದಾಚೆ, ಹಲಸಿನ ಮರದ ಹತ್ತಿರ. ಆನೆ ಓಡಾಡುವ ಜಾಗ. ರಾತ್ರಿ “ತಾಯೀ ಅನ್ನಪೂರ್ಣೆ” ಎಂದು ಬಾಗಿಲು ತೆರೆದಾಗಲೆಲ್ಲ, ಮೂಸುತ್ತ ಮುಂದೆ ಮುಂದೆ ನಡೆಯುವ ಕರಿಯನೇ ಅವನ ಧೈರ್ಯ. ಅದಕ್ಕೇನಾದರೂ ಆದರೆ?

ಮರುದಿನವೇ ಅದನ್ನು ಊರಿನ ಹಸೀಬನ ಬಾಡಿಗೆ ಜೀಪು ಹತ್ತಿಸಿ ಮೂಡಿಗೆರೆಯ ದನದ ಆಸ್ಪತ್ರೆಗೆ ಕರೆದೊಯ್ದ. ಡಾಕ್ಟರು ಮೇಘಶ್ರೀ ಕರಿಯನ ಕಣ್ಣು, ಬಾಯಿ, ಹೊಟ್ಟೆ ಎಲ್ಲ ನೋಡಿದರು.

“ನೀರು ಜಾಸ್ತಿ ಕುಡಿಯುತ್ತಾ?”

“ಇಲ್ಲ, ಮಾಮೂಲಿ.”

“ರಾತ್ರಿ ಮಲಗುತ್ತಾ?”

“ಎಲ್ಲಿ ಮಲಗುತ್ತೆ ಡಾಕ್ಟ್ರೇ, ನನ್ನ ಜೊತೆ ಹೊರಗೆ ಬರ್ಬೇಕಲ್ಲ!”

“ಎಷ್ಟು ಸಲ?”

“ಐದೋ ಆರೋ. ಬಾಯಿ ಒಣಗುತ್ತೆ, ಒಂದು ಚೊಂಬು ನೀರು ಕುಡೀತೀನಿ. ಕುಡಿದ್ಮೇಲೆ ಹೋಗ್ಲೇಬೇಕಲ್ಲ. ಚಳಿಗಾಲ ನೋಡಿ.”

“ಚಳಿ ನಂಗೂ ಇದೆ ರುದ್ರಪ್ಪಣ್ಣ,” ಎಂದ ಬಾಗಿಲಲ್ಲಿ ನಿಂತ ಹಸೀಬ್. “ಬರೋ ದಾರೀಲಿ ಕರಿಯ ಒಂದು ಸಲಾನೂ ಇಳೀಲಿಲ್ಲ. ಮೂರು ಸಲ ಜೀಪ್ ನಿಲ್ಸಿದ್ದು ನೀವು!”

ಡಾಕ್ಟರು ನಕ್ಕರು. ಆಮೇಲೆ ನಗು ನಿಲ್ಲಿಸಿ ರುದ್ರಪ್ಪನ ಮುಖ ನೋಡಿದರು. “ನಾಯಿಗೆ ಏನೂ ಆಗಿಲ್ಲ, ನಿದ್ದೆಗೆಟ್ಟಿದೆ ಅಷ್ಟೆ. ನಾನು ದನ-ನಾಯಿ ಡಾಕ್ಟ್ರು, ನಿಮ್ಮ ಕಾಯಿಲೆ ಹೇಳೋ ಹಾಗಿಲ್ಲ. ಆದ್ರೆ ಹಿಂಗೆ ದಾಹ ಆಗೋದು, ರಾತ್ರಿ ಮತ್ತೆ ಮತ್ತೆ ಏಳೋದು ಸಕ್ಕರೆ ಕಾಯಿಲೆಯಿಂದ ಇರ್ಬಹುದು, ಬೇರೆ ಕಾರಣಾನೂ ಇರ್ಬಹುದು. ಇವತ್ತೇ ರಕ್ತ ಪರೀಕ್ಷೆ ಮಾಡಿಸ್ಕೊಂಡು ಹೋಗಿ.”

ರುದ್ರಪ್ಪನಿಗೆ ಇತ್ತೀಚೆಗೆ ಅಂಗಿ ಸಡಿಲವಾದದ್ದು, ಕಾಫಿ ಕೊಯ್ಯುವಾಗ ಹನ್ನೊಂದಕ್ಕೇ ಕೈ ಸೋತು ಬರುತ್ತಿದ್ದದ್ದು ಒಂದೊಂದಾಗಿ ನೆನಪಾಯಿತು. ಕರಿಯ ಮೇಜಿನ ಮೇಲೆಯೇ ಗೊರಕೆ ಹೊಡೆಯುತ್ತಿತ್ತು.

ಮನುಷ್ಯರ ಆಸ್ಪತ್ರೆಯಲ್ಲಿ ನೋಡಿದರೆ ಸಕ್ಕರೆ ಮುನ್ನೂರು ದಾಟಿತ್ತು. “ಬೇಗ ಬಂದಿದ್ದೀರಿ, ಹತೋಟಿಗೆ ತರಬಹುದು,” ಎಂದ ಅಲ್ಲಿಯ ಡಾಕ್ಟರು ಮಾತ್ರೆ, ಪಥ್ಯ, ನಡಿಗೆ ಎಲ್ಲ ಹೇಳಿ ಕಳಿಸಿದರು.

ವಿಮಲಮ್ಮ ಚೀಟಿ ನೋಡಿ ದೇವರ ಮುಂದೆ ದೀಪ ಹಚ್ಚಿದಳು. ಕಣ್ಣೊರೆಸಿಕೊಂಡು, “ಸುಮ್ನೆ ನಾಯಿನ ಬೈದೆ. ಬದಲಾಯಿಸ್ಬೇಕಿದ್ದದ್ದು ಈ ಯಜಮಾನ್ರನ್ನ!” ಎಂದಳು. ಸಕ್ಕರೆ ಡಬ್ಬಿ ಅಟ್ಟಕ್ಕೇರಿತು.

ಒಂದೂವರೆ ತಿಂಗಳಾಗಿರಬೇಕು. ಒಂದು ರಾತ್ರಿ ಬಾಗಿಲು ಪರಪರ ಕೆರೆಯುವ ಸದ್ದಿಗೆ ರುದ್ರಪ್ಪನಿಗೆ ಎಚ್ಚರವಾಯಿತು. ಗಡಿಯಾರದಲ್ಲಿ ಮೂರೂವರೆ. ಮಲಗಿದವನು ಒಮ್ಮೆಯೂ ಎದ್ದಿರಲಿಲ್ಲ. ತುಂಬಿಟ್ಟ ಚೊಂಬು ತುಂಬಿದಂತೆಯೇ ಇತ್ತು. ಬಾಗಿಲು ತೆರೆದರೆ ಕರಿಯ ಬಾಲ ಆಡಿಸುತ್ತ, ಯಾಕಿನ್ನೂ ಬರಲಿಲ್ಲ ಎಂಬಂತೆ ಅವನನ್ನೇ ನೋಡುತ್ತಿತ್ತು.

“ನಂಗೇನೂ ಅವಸರ ಇಲ್ಲ ಮಾರಾಯ,” ಎಂದ ರುದ್ರಪ್ಪ, ಅದರ ತಲೆ ಸವರಿ. “ನಡಿ, ನಿಂಗೋಸ್ಕರ ಒಂದು ಸುತ್ತು ಹೋಗಿ ಬರಾಣ.”

“ತಾಯೀ ಅನ್ನಪೂರ್ಣೆ” ಎನ್ನುತ್ತ ಅಂಗಳಕ್ಕಿಳಿದ. ಕರಿಯ ಮೂಸುತ್ತ ಮುಂದೆ ನಡೆಯಿತು.