ಕಾರ್ಕಳಕ್ಕೆ ಹೋದ ಕಡಲು

ಉಚ್ಚಿಲದ ಉಮಾನಾಥ ಒಳ್ಳೆಯ ತಂಡೇಲ. ಬೋಟು ನಡೆಸುವವನು, ಬಲೆ ಎಲ್ಲಿ ಬಿಡಬೇಕೆಂದು ಹೇಳುವವನು, ಒಳಗಿರುವ ಎಂಟು ಜನರ ಜೀವಕ್ಕೆ ಜವಾಬ್ದಾರ, ಅವನೇ ತಂಡೇಲ. ಕೆಲಸದಲ್ಲಿ ಅವನತ್ತ ಬೆರಳು ತೋರಿಸುವವರು ಮಲ್ಪೆ ಬಂದರಿನಲ್ಲಿ ಒಬ್ಬರೂ ಇರಲಿಲ್ಲ. ಆದರೆ ಅನುಮಾನವೆಂಬುದೊಂದು ಅವನಿಗೆ ಹುಟ್ಟಿನಿಂದಲೇ ಅಂಟಿಕೊಂಡ ಕಾಯಿಲೆ. ಸಾರಿಗೆ ಉಪ್ಪು ಒಂದು ಚಿಟಿಕೆ ಹೆಚ್ಚಾದರೆ ಹೆಂಡತಿ ಮನೋರಮಾಳನ್ನು, "ಎಂತ ಮುಚ್ಚಿಡ್ತಾ ಇದ್ದಿ?" ಎಂದು ಕೇಳುವ ಆಸಾಮಿ. ಮೂವತ್ತು ವರ್ಷ ಇದನ್ನು ಸಹಿಸಿಕೊಂಡ ಆ ಹೆಂಗಸಿಗೆ ಒಂದು ಸನ್ಮಾನ ಮಾಡಬೇಕು.

ಈ ಮಳೆಗಾಲದಲ್ಲಿ ಅವನ ಅನುಮಾನ ಸುತ್ತಿಕೊಂಡದ್ದು ಬೋಟಿನ ಕಂಪ್ಯೂಟರನ್ನು. ಅದರ ಪರದೆಯಲ್ಲಿ ಕಡಲಿನ ನಕ್ಷೆ. ನಕ್ಷೆಯ ತುಂಬ ಹದಿನಾಲ್ಕು ವರ್ಷಗಳಿಂದ ಉಮಾನಾಥ ಒಂದೊಂದಾಗಿ ಗುರುತು ಮಾಡಿಟ್ಟ ಚುಕ್ಕೆಗಳು. ಕಡಲಿಗೆ ಹೋಗುವವರು ಅದನ್ನು ಪಾಯಿಂಟ್ ಎನ್ನುತ್ತಾರೆ. ಹಸಿರು ಚುಕ್ಕೆ ಮೀನು ಸಿಕ್ಕ ಜಾಗ, ಕೆಂಪು ಚುಕ್ಕೆ ಬಲೆ ಹರಿಯುವ ಕಲ್ಲು. ಕಲ್ಲಿನ ಪಾಯಿಂಟನ್ನು ಶತ್ರು ಕೇಳಿದರೂ ಹೇಳಬೇಕು, ಅದು ಧರ್ಮ. ಮೀನಿನ ಪಾಯಿಂಟನ್ನು ಹೆತ್ತ ತಾಯಿ ಕೇಳಿದರೂ ಹೇಳಬಾರದು, ಅದು ಹೊಟ್ಟೆಪಾಡು. ಪಾಯಿಂಟ್ ಇದ್ದವನು ತಂಡೇಲ. ಇಲ್ಲದವನು ಬರೀ ಡ್ರೈವರ್.

ಜೂನಿನಲ್ಲಿ ಮೀನುಗಾರಿಕೆಗೆ ನಿಷೇಧ ಬಂತು, ಬೋಟುಗಳೆಲ್ಲ ದಡ ಹಿಡಿದವು. ಅಷ್ಟರಲ್ಲಿ ಬೋಟಿನ ಹುಡುಗರು ಸಿನಿಮಾ ನೋಡಲೆಂದು ಯಾವುದೋ ಪೆನ್‌ಡ್ರೈವ್ ಚುಚ್ಚಿ, ವೈರಸ್ ಹತ್ತಿ, ಕಂಪ್ಯೂಟರು ಹೆಜ್ಜೆಹೆಜ್ಜೆಗೂ ನಿಲ್ಲತೊಡಗಿತ್ತು. ಬೋಟಿನ ಯಜಮಾನ ಪ್ರತೀಕ್, ಅಪ್ಪ ತೀರಿಕೊಂಡ ಮೇಲೆ ಎರಡು ವರ್ಷದಿಂದ ವ್ಯವಹಾರ ನೋಡಿಕೊಳ್ಳುತ್ತಿದ್ದ ಹುಡುಗ, ಸಹಜವಾಗಿಯೇ ಹೇಳಿದ:

"ಉಮಾನಾಥಣ್ಣ, ಅದನ್ನು ಪೂರ್ತಿ ಫಾರ್ಮ್ಯಾಟ್ ಮಾಡಿಸಿ ಹೊಸ ವಿಂಡೋಸ್ ಹಾಕಿಸುವ. ಮಣಿಪಾಲದಲ್ಲಿ ನನ್ನ ದೋಸ್ತಿದು ಅಂಗಡಿ ಉಂಟು. ನಾನೇ ತಕೊಂಡು ಹೋಗ್ತೇನೆ, ನೀವು ತಲೆಬಿಸಿ ಮಾಡ್ಬೇಡಿ."

ಉಮಾನಾಥನಿಗೆ ತಲೆಬಿಸಿ ಶುರುವಾದದ್ದೇ ಆ ಮಾತಿನಿಂದ. ದೋಸ್ತಿಯ ಅಂಗಡಿಯೇ ಯಾಕೆ? ತಾನೇ ಒಯ್ಯುವ ಉಪಕಾರ ಯಾಕೆ? ಪ್ರತೀಕ್ ಎರಡನೆಯ ಬೋಟು ಕಟ್ಟಿಸುತ್ತಿದ್ದ, ಅದಕ್ಕೆ ತಂಡೇಲ ಯಾರೆಂದು ಇನ್ನೂ ಬಾಯಿಬಿಟ್ಟಿರಲಿಲ್ಲ. ಲೆಕ್ಕ ಕೂಡಿತಲ್ಲ! ಪಾಯಿಂಟುಗಳನ್ನೆಲ್ಲ ಕಾಪಿ ಮಾಡುವುದು, ಯಾರೋ ಎಳೆಯವನ ಕೈಗೆ ಕೊಡುವುದು, ಐವತ್ತೈದು ದಾಟಿದ ಉಮಾನಾಥನನ್ನು ಮನೆಗೆ ಕಳಿಸುವುದು.

"ನಿಮ್ಮ ಹೆಗಲ ಮೇಲೆ ಕೂತು ಬೆಳೆದ ಮಗು ಅದು. ಅವ ಹಾಗೆ ಮಾಡ್ತಾನಾ?" ಎಂದಳು ಮನೋರಮಾ.

"ಹೆಗಲ ಮೇಲೆ ಕೂತವನಿಗೇ ಕಿವಿ ಹಿಂಡ್ಲಿಕ್ಕೆ ಸುಲಭ."

ಮರುದಿನವೇ ಉಮಾನಾಥ ಪ್ರತೀಕನಿಗೆ ಫೋನು ಮಾಡಿ, "ನನಗೆ ಗೊತ್ತಿದ್ದ ಜನ ಉಂಟು, ನಾನೇ ಸರಿ ಮಾಡಿಸ್ತೇನೆ" ಎಂದ. ಕ್ಯಾಬಿನ್ನಿನಿಂದ ಕಂಪ್ಯೂಟರಿನ ಡಬ್ಬಿ ಬಿಚ್ಚಿದ. ಜೊತೆಗೆ ಬೋಟಿನ ತಲೆಯ ಮೇಲಿದ್ದ ಜಿಪಿಎಸ್ ಆಂಟೆನಾವನ್ನೂ ಬಿಚ್ಚಿ, ಮನೆಗೆ ತಂದು ಕಪಾಟಿನಲ್ಲಿಟ್ಟು ಬೀಗ ಜಡಿದ. ಅವನ ಪ್ರಕಾರ ಪಾಯಿಂಟುಗಳ ಮೂಲ ಇದ್ದದ್ದೇ ಆ ಆಂಟೆನಾದಲ್ಲಿ. ಮೂರು ವರ್ಷದ ಹಿಂದೆ ಗಾಳಿಗೆ ಆಂಟೆನಾ ಮುರಿದಾಗ ಪರದೆಯ ಚುಕ್ಕೆಗಳೆಲ್ಲ ಮಾಯವಾಗಿದ್ದವು. ಹೊಸತು ಕಟ್ಟಿದ ಕೂಡಲೇ ಎಲ್ಲವೂ ಇದ್ದಲ್ಲೇ ಕಾಣಿಸಿದ್ದವು. ಕಣ್ಣಾರೆ ಕಂಡದ್ದಕ್ಕಿಂತ ದೊಡ್ಡ ಸಾಕ್ಷಿ ಬೇಕೇ? ಪಾಯಿಂಟುಗಳು ಮೇಲೆ ಉಪಗ್ರಹದಲ್ಲಿ ಭದ್ರವಾಗಿರುತ್ತವೆ, ಆಂಟೆನಾ ಕಟ್ಟಿದರೆ ಕೆಳಗೆ ಇಳಿಯುತ್ತವೆ ಎಂದು ಅವನು ತೀರ್ಮಾನಿಸಿಬಿಟ್ಟಿದ್ದ. ಡಬ್ಬಿಯೊಳಗೆ ಉಳಿದ ನಕಲನ್ನು ಅಳಿಸಿ, ಆಂಟೆನಾಕ್ಕೆ ಬೀಗ ಹಾಕಿದರೆ ಆಯಿತು, ಪ್ರತೀಕನ ಅಪ್ಪ ಎದ್ದು ಬಂದರೂ ಕದಿಯಲಾಗದು.

ಇನ್ನು ಒಯ್ಯುವುದು ಎಲ್ಲಿಗೆ? ಮಣಿಪಾಲದ ಮಾತೇ ಇಲ್ಲ. ಉಡುಪಿಯಲ್ಲಿ ಹತ್ತು ಹೆಜ್ಜೆಗೆ ಒಬ್ಬ ಮಲ್ಪೆಯವನು ಸಿಗುತ್ತಾನೆ. ಕಾಪುವಿನ ತುಂಬ ನೆಂಟರು. ಕಡಲಿನ ಗಾಳಿ ಬೀಸದ ಊರೇ ಬೇಕೆಂದು ಯೋಚಿಸಿ ಯೋಚಿಸಿ, ಡಬ್ಬಿಯನ್ನು ಗೋಣಿಚೀಲಕ್ಕೆ ತುರುಕಿ, ಪಡುಬಿದ್ರಿಯಿಂದ ಕಾರ್ಕಳದ ಬಸ್ಸು ಹತ್ತಿದ. ಬಂಡೆಗಲ್ಲಿನ ಊರಿನವರಿಗೆ ಬೊಂಡಾಸ್ ಮೀನಿನ ಪಾಯಿಂಟಿನ ಬೆಲೆ ಎಂತ ಗೊತ್ತು? ದಾರಿಯುದ್ದಕ್ಕೂ ಅವನಿಗೆ ತನ್ನ ಬುದ್ಧಿಯ ಮೇಲೆ ತನಗೇ ಪ್ರೀತಿ ಉಕ್ಕಿತು.

ಬಸ್‌ಸ್ಟ್ಯಾಂಡಿನ ಹತ್ತಿರದ ಅಂಗಡಿಯಲ್ಲಿ ಮೆಲಿಷಾ ಎಂಬ ಹೆಂಗಸು, ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದೇ ಮಾತಾಡುವವಳು, ಡಬ್ಬಿಯನ್ನು ತಿರುಗಿಸಿ ನೋಡಿದಳು.

"ತುಕ್ಕು ಹಿಡಿದಿದೆಯಲ್ಲ ಅಂಕಲ್! ಒಳಗೆ ಬೇಕಾದ್ದು ಎಂತಾದ್ರೂ ಉಂಟಾ? ಫೋಟೋ, ಫೈಲು?"

"ಎಂತದ್ದೂ ಇಲ್ಲ. ಬರೀ ಸಿನಿಮಾ."

"ಆದ್ರೂ ಒಂದು ಬ್ಯಾಕಪ್ ತೆಗೀತೇನೆ. ನಮ್ಮ ಡಿಸ್ಕಿಗೆ ಹಾಕಿಟ್ಟು, ಮತ್ತೆ ನಿಮ್ಮದಕ್ಕೆ ವಾಪಸ್ ಹಾಕಿದ್ರಾಯ್ತು."

ನಮ್ಮ ಡಿಸ್ಕಿಗೆ! ಉಮಾನಾಥನ ಕಿವಿ ನೆಟ್ಟಗಾಯಿತು. ಇಲ್ಲಿಯವರೆಗೂ ಬಂತೇ ಪ್ರತೀಕನ ಕೈ? ಅಂಗಡಿಯ ಗೋಡೆಯಲ್ಲಿ ಮಣಿಪಾಲದ ಫೋನ್ ನಂಬರೇನಾದರೂ ಇದೆಯೇ ಎಂದು ಕಣ್ಣಾಡಿಸಿದ.

"ಬೇಡ ಅಂದೆನಲ್ಲ. ಅಳಿಸಿ. ಅಳಿಸಿದ ಮೇಲೆ ಯಾರಾದ್ರೂ ಮತ್ತೆ ತೆಗೀಬಹುದಾ?"

"ಸುಮ್ಮನೆ ಫಾರ್ಮ್ಯಾಟ್ ಮಾಡಿದ್ರೆ ಸ್ವಲ್ಪ ತೆಗೀಲಿಕ್ಕೆ ಆಗ್ತದೆ. ಡಿಸ್ಕಿನ ಮೇಲೆ ಪೂರ್ತಿ ಸೊನ್ನೆ ತುಂಬಿಸಿದ್ರೆ ಯಾರಿಗೂ ಆಗುದಿಲ್ಲ. ಮೂರು ಗಂಟೆ ಬೇಕು."

"ತುಂಬಿಸಿ ಮೇಡಂ. ಒಂದು ಮೂಲೆಯನ್ನೂ ಬಿಡ್ಬೇಡಿ."

ಅವಳು ಒಂದು ಚೀಟಿ ಮುಂದಿಟ್ಟಳು: ಬ್ಯಾಕಪ್ ಬೇಡವೆಂದು ನಾನೇ ಹೇಳಿರುತ್ತೇನೆ. ಉಮಾನಾಥ ಠೀವಿಯಿಂದ ಸಹಿ ಹಾಕಿದ. ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು, ಅವಳು ಎಲ್ಲಿ ಪೆನ್‌ಡ್ರೈವ್ ಚುಚ್ಚುತ್ತಾಳೋ ಎಂದು ಊಟಕ್ಕೂ ಏಳದೆ ಮೂರು ಗಂಟೆ ಕಾದ. ಪರದೆಯಲ್ಲಿ ಶೇಕಡಾ ನೂರು ಬಂದಾಗ ಅವನಿಗೆ ಹಬ್ಬ. ಆಮೇಲೆ ಹೊಸ ವಿಂಡೋಸ್ ಬಂತು, ಅವನೇ ತಂದಿದ್ದ ಸಿಡಿಯಿಂದ ನಕ್ಷೆಯ ಸಾಫ್ಟ್‌ವೇರೂ ಕೂತಿತು. ನಕ್ಷೆ ಖಾಲಿಯಾಗಿತ್ತು. ಖಾಲಿಯಾಗಿರಲೇಬೇಕಲ್ಲ, ಆಂಟೆನಾ ಕಪಾಟಿನಲ್ಲಿದೆ ಎಂದು ಉಮಾನಾಥ ಮೀಸೆಯೊಳಗೇ ನಕ್ಕ.

ಜುಲೈ ಕೊನೆಯ ವಾರ ಮಲ್ಪೆಗೆ ಹೋಗಿ, ಡಬ್ಬಿ ಕೂರಿಸಿ, ಆಂಟೆನಾ ಕಟ್ಟಿ, ಸ್ವಿಚ್ಚು ಒತ್ತಿದ. ಬಂದರಿನ ಜಾಗದಲ್ಲಿ ಬೋಟಿನ ಗುರುತು ಪಟ್ಟನೆ ಮೂಡಿತು. ಪಶ್ಚಿಮಕ್ಕೆ ನಕ್ಷೆ ಸರಿಸಿದ. ನೀಲಿ. ಇನ್ನೂ ಸರಿಸಿದ. ನೀಲಿಯೇ. ಮೋಡ ಅಡ್ಡ ಬಂದಿರಬಹುದೆಂದು ಅರ್ಧ ಗಂಟೆ ಕಾದ. ಆರಿಸಿ, ಹೊತ್ತಿಸಿ, ಆಂಟೆನಾದ ವಯರನ್ನು ಬಟ್ಟೆಯಿಂದ ಒರೆಸಿ ಮತ್ತೆ ಸಿಕ್ಕಿಸಿದ. ಒಂದು ಚುಕ್ಕೆಯೂ ಇಳಿಯಲಿಲ್ಲ.

ಮೆಲಿಷಾಳಿಗೆ ಫೋನು ಹಚ್ಚಿದ. ಅವಳು ಎಲ್ಲವನ್ನೂ ಕೇಳಿಸಿಕೊಂಡು ಹೇಳಿದಳು, "ಅಂಕಲ್, ಜಿಪಿಎಸ್ ನೀವು ಎಲ್ಲಿದ್ದೀರಿ ಅಂತ ಮಾತ್ರ ಹೇಳ್ತದೆ. ಆಂಟೆನಾ ಮುರಿದಾಗ ನಕ್ಷೆ ಬೇರೆ ಕಡೆ ಸರಿದಿರಬೇಕು, ಹಾಗೆ ನಿಮಗೆ ಕಾಣ್ಲಿಲ್ಲ. ನೀವು ಮಾಡಿದ ಗುರುತು ಇದ್ದದ್ದು ಆ ಡಿಸ್ಕಿನಲ್ಲೇ."

ಉಮಾನಾಥ ಸ್ವರ ತಗ್ಗಿಸಿದ. "ಮೇಡಂ, ನೀವು ಒಂದು ಕಾಪಿ ಇಟ್ಕೊಂಡಿರ್ತೀರಿ ಅಲ್ವಾ? ಹೆದರ್ಬೇಡಿ, ನಾನು ಬೈಯುದಿಲ್ಲ. ಎಲ್ಲ ಅಂಗಡಿಯವರೂ ಇಟ್ಕೊಳ್ತಾರೆ."

"ದೇವರಾಣೆ ಇಲ್ಲ ಅಂಕಲ್. ಜನ ಬೇಡ ಅಂದ ಮೇಲೆ ನಾವು ಮುಟ್ಟುದಿಲ್ಲ."

ಛೆ, ಏನು ಕಾಲ ಬಂತು! ಕಳ್ಳತನ ಮಾಡಲು ಇಷ್ಟು ಒಳ್ಳೆಯ ಅವಕಾಶ ಸಿಕ್ಕಿಯೂ ಆ ಹೆಂಗಸು ಮಾಡಲಿಲ್ಲ. ಇನ್ನು ಉಳಿದದ್ದು ಒಬ್ಬನೇ. ಆ ಮಣಿಪಾಲದ ದೋಸ್ತಿ, ಆ ಹೊಸ ಬೋಟು, ಹೌದು, ಪ್ರತೀಕ್ ಮೊದಲೇ ಕಾಪಿ ಮಾಡಿಟ್ಟಿರಲೇಬೇಕು. ಮಾಡಿರಲಿ ದೇವರೇ, ಎಂದು ಉಮಾನಾಥ ಉಚ್ಚಿಲದ ಮಹಾಲಕ್ಷ್ಮಿಗೆ ಮನಸ್ಸಿನಲ್ಲೇ ಕೈಮುಗಿದ.

ಸಂಜೆ ಪ್ರತೀಕ್ ಬೋಟಿಗೆ ಬಂದ. ಖಾಲಿ ಪರದೆ ನೋಡಿದ, ಉಮಾನಾಥನ ಮುಖ ನೋಡಿದ.

"ಪ್ರತೀಕಣ್ಣ," ಉಮಾನಾಥ ಅವನ ಎರಡೂ ಕೈ ಹಿಡಿದುಕೊಂಡ. "ನೀವು ಪಾಯಿಂಟ್ ಕಾಪಿ ಮಾಡಿದ್ದು ನನಗೆ ಗೊತ್ತುಂಟು. ಪರವಾಗಿಲ್ಲ. ಹೊಸ ಬೋಟಿಗೂ ಹಾಕಿ, ಯಾರಿಗೆ ಬೇಕಾದ್ರೂ ಕೊಡಿ. ನನಗೊಂದು ವಾಪಸ್ ಕೊಟ್ರೆ ಸಾಕು."

ಪ್ರತೀಕ್ ಕಣ್ಣು ಪಿಳಿಪಿಳಿ ಬಿಟ್ಟ. "ನಾನಾ? ನಾನು ಆ ಕಂಪ್ಯೂಟರ್ ಮುಟ್ಟಿದ್ದೇ ಇಲ್ಲ. ತಂಡೇಲನ ಪಾಯಿಂಟಿಗೆ ಕಣ್ಣು ಹಾಕ್ಬಾರ್ದು ಅಂತ ಅಪ್ಪ ಆಸ್ಪತ್ರೆಯಲ್ಲಿ ಮಲಗಿಕೊಂಡೂ ಹೇಳಿದ್ರು."

"ಇಲ್ಲ, ನೀವು ಮಾಡಿದ್ದೀರಿ. ಸರಿಯಾಗಿ ನೆನಪು ಮಾಡಿ."

"ಹೊಸ ಬೋಟಿನ ಹುಡುಗನಿಗೆ ಕೆಲಸ ಕಲಿಸ್ಲಿಕ್ಕೆ ನಿಮ್ಮನ್ನೇ ಕೇಳುವ ಅಂತ ಇದ್ದೆ." ಪ್ರತೀಕ್ ತಡವರಿಸಿದ. ಆಮೇಲೆ ಎಲ್ಲವೂ ಅರ್ಥವಾದಂತೆ, ತಾನೇ ಸರಿ ಮಾಡಿಸುತ್ತೇನೆಂದ ಫೋನು, ಯಾರಿಗೂ ಹೇಳದ ಊರು, ಬಿಚ್ಚಿಟ್ಟ ಆಂಟೆನಾ ಎಲ್ಲವನ್ನೂ ಕೂಡಿಸಿದಂತೆ, ಕೈ ಮೆಲ್ಲಗೆ ಬಿಡಿಸಿಕೊಂಡ. "ಅಂದ್ರೆ ಉಮಾನಾಥಣ್ಣ, ನೀವು ಇದನ್ನೆಲ್ಲ ಅಳಿಸಿದ್ದು ನನ್ನಿಂದ ಅಡಗಿಸ್ಲಿಕ್ಕಾ?"

ಉಮಾನಾಥನಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ಹೌದು," ಎಂದ. "ನೀವು ಕದ್ದಿರ್ಬಾರ್ದಿತ್ತಾ ಮಾರಾಯ್ರೇ!"

ಪ್ರತೀಕ್ ಬೋಟಿನ ಅಂಚಿಗೆ ನಡೆದ. ಹಿಂದೆಲ್ಲ ಇಳಿಯುವಾಗ ಉಮಾನಾಥನ ಹೆಗಲು ಹಿಡಿದುಕೊಳ್ಳುತ್ತಿದ್ದ ಹುಡುಗ ಇವತ್ತು ತಾನೇ ಹಾರಿ ದಡ ಸೇರಿದ.