ಪಕ್ಕದ ಹಾಳೆ

ಹತ್ತನೇ ವರ್ಷ ಮುಗಿಯಲು ಇನ್ನು ನಾಲ್ಕೇ ದಿನ. ಲೆತೆನ್ಸಾಯಿ ಗಂಡನ ಕೋಟನ್ನು ಪೆಟ್ಟಿಗೆಯಿಂದ ತೆಗೆದು ಬಿಸಿಲಿಗೆ ಹಾಕಿದಳು. ಕೆರೆನ್ ಪಟ್ಟಣದ ಆ ಓಣಿಯಲ್ಲಿ ಅವಳಿಗೆ ತಲೆ ಕೆಟ್ಟಿದೆ ಎಂದು ಆಡಿಕೊಳ್ಳದವರಿಲ್ಲ. ಆಡಿಕೊಳ್ಳಲಿ, ಜನರ ಬಾಯಿಗೆ ಬೀಗ ಹಾಕಲಾಗುತ್ತದೆಯೇ!

ಹತ್ತು ವರ್ಷಕ್ಕೆ ಗಂಡ ಸೆರೆಯಿಂದ ಬಂದೇ ಬರುತ್ತಾನೆಂಬ ಅವಳ ನಂಬಿಕೆಗೆಲ್ಲ ಆಧಾರ ಒಂದೇ ಒಂದು ಹಾಳೆ. ಸರ್ಕಾರದ ನಿಷೇಧವಿದ್ದುದರಿಂದ, ಕದ್ದು ಪ್ರಾರ್ಥಿಸುವವರ ಮನೆಯಲ್ಲಿ ಸತ್ಯವೇದ, ಅಂದರೆ ಬೈಬಲ್, ಸಿಕ್ಕರೆ ಮುಗಿಯಿತು. ಹಾಗಾಗಿ ಪುಸ್ತಕ ಬಿಚ್ಚಿ ಹಾಳೆಗಳನ್ನು ಹಂಚಿಕೊಳ್ಳುತ್ತಿದ್ದರು. ಗಂಡ ತೆಕೆಸ್ತೆ ಪುಸ್ತಕದ ಕೊನೆಗಿರುವ ಪ್ರವಾದನೆಯ ಒಂದು ಹಾಳೆಯನ್ನು ಅವಳಿಗೆ ಕೊಟ್ಟು, ಅದರ ಪಕ್ಕದ್ದನ್ನು ತಾನಿಟ್ಟುಕೊಂಡಿದ್ದ. ಆಗವಳು ಆ ದಾರಿಗೆ ಬಂದು ಮೂರೇ ತಿಂಗಳು. ಪೂರ್ತಿ ಪುಸ್ತಕ ಓದಿದವಳಲ್ಲ.

ಪ್ರಾರ್ಥನೆ ನಡೆಯುತ್ತಿದ್ದುದು ಕಾಫಿಯ ನೆಪದಲ್ಲಿ. ಅಲ್ಲಿಯ ರೂಢಿಯಂತೆ ಒಂದೇ ಪುಡಿಯಲ್ಲಿ ಮೂರು ಸುತ್ತು; ಮೂರನೆಯದು ಆಶೀರ್ವಾದದ್ದು, ಅದನ್ನು ಕುಡಿಯದೆ ಏಳಬಾರದು. ಹತ್ತು ವರ್ಷದ ಹಿಂದಿನ ಆ ಶುಕ್ರವಾರ ಎರಡನೇ ಸುತ್ತಿಗೇ ಬಾಗಿಲು ಮುರಿದು ಬಂದವರು ಗಂಡಸರನ್ನೆಲ್ಲ ಲಾರಿಗೆ ತುಂಬಿದರು. ಅಂದಿನಿಂದ ಪ್ರತಿ ಶುಕ್ರವಾರ ಅವಳು ಎರಡು ಸುತ್ತು ಕುಡಿದು ಮೂರನೆಯದನ್ನು ಚೆಲ್ಲುತ್ತಿದ್ದಳು. ಬೋರಲು ಹಾಕಿಟ್ಟ ಗಂಡನ ಬಟ್ಟಲು ಕೆಲವೊಮ್ಮೆ ತಾನಾಗಿಯೇ ಬೆಚ್ಚಗಿರುತ್ತಿತ್ತು. ಅದನ್ನವಳು ಯಾರಿಗೂ ಹೇಳಲಿಲ್ಲ.

ಅವಳ ಹಾಳೆಯ ಕೊನೆಯ ಸಾಲು ಇಷ್ಟೇ: ನಿಮ್ಮಲ್ಲಿ ಕೆಲವರು ಸೆರೆಗೆ ಬೀಳುವರು, ಹತ್ತು ದಿನ ಸಂಕಟವಿರುವುದು. ಪ್ರವಾದನೆಯಲ್ಲಿ ದಿನವೆಂದರೆ ವರ್ಷ ಎಂದು ಹಿರಿಯರು ಹೇಳುತ್ತಿದ್ದರು. ಸರಿ, ಎಣಿಸುತ್ತ ಕೂತಳು.

ಕೋಟು ಬಿಸಿಲಿಗೆ ಹಾಕಿದ ಈ ಶುಕ್ರವಾರವೂ ಎರಡನೇ ಸುತ್ತು ಬಗ್ಗಿಸುವಾಗ ಬಾಗಿಲು ಬಡಿದ ಸದ್ದು. ಲೆತೆನ್ಸಾಯಿ ಹೋಗಿ ತೆರೆದಳು. ಹೊರಗೆ ತಲೆ ನರೆತ ಒಬ್ಬ ನಿಂತಿದ್ದ.

"ಅಕ್ಕಾ, ನಾನು ಕಿಬ್ರೋಮ್. ಬಾಗ್ಲ ಹತ್ರ ಮಣೆ ಮೇಲೆ ಕೂರ್ತಿದ್ನಲ್ಲ."

ಲಾರಿ ಹತ್ತಿದಾಗ ಅವನಿಗೆ ಇಪ್ಪತ್ತು. ಒಳಗೆ ಕೂತು, ತಲೆಯೆತ್ತದೆ ಹೇಳಿದ. ಮರಳುಗಾಡಿನಲ್ಲಿ ಸರಕು ಸಾಗಿಸುವ ಕಬ್ಬಿಣದ ಪೆಟ್ಟಿಗೆಯೊಳಗೆ ಕೂಡಿಹಾಕಿದ್ದರಂತೆ. ಹಗಲು ಕಾದ ಕಾವಲಿ, ರಾತ್ರಿ ಮಂಜು. ನಂಬಿಕೆ ಬಿಟ್ಟೆವೆಂದು ಸಹಿ ಹಾಕಿದರೆ ಮನೆಗೆ ಹೋಗಬಹುದು ಎಂದು ತಿಂಗಳಿಗೊಮ್ಮೆ ಕಾಗದ ತರುತ್ತಿದ್ದರಂತೆ. ತೆಕೆಸ್ತೆ ಹಾಕಲಿಲ್ಲ.

"ಯಾವಾಗ?" ಎಂದಳು ಅವಳು.

"ಎರಡನೇ ವರ್ಷಾನೇ ಹೋಗ್ಬಿಟ್ರಕ್ಕ."

ಅಯ್ಯೋ ದೇವರೇ, ಎಂಟು ವರ್ಷದಿಂದ ಸತ್ತವನ ದಾರಿ ಕಾಯ್ದು, ಅವನ ಕೋಟನ್ನು ಬಿಸಿಲಿಗೆ ಹಾಕಿದ್ದಳು. ಅವಳಿಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು. "ಒಂದು ಸಹಿ ಹಾಕಿದ್ರೆ ಅವನಪ್ಪನ ಗಂಟೇನು ಹೋಗ್ತಿತ್ತು?"

ಕಿಬ್ರೋಮ್ ಅಂಗಿಯ ಕೊರಳಪಟ್ಟಿಯ ಹೊಲಿಗೆ ಬಿಚ್ಚಿ, ಬೆವರಿಗೆ ಕಂದಿದ ಹಾಳೆಯೊಂದನ್ನು ತೆಗೆದ. "'ಅವಳ ಹತ್ರ ಅರ್ಧ ಮಾತಿದೆ, ಎಣಿಸ್ತಾ ಕೂತಿರ್ತಾಳೆ, ಬೇಗ ತಲುಪ್ಸು' ಅಂದಿದ್ರು ತೆಕೆಸ್ತಣ್ಣ. ಬೇಗ ಬರೋಕಾಗ್ಲಿಲ್ಲ, ಮೊನ್ನೆ ತಾನೇ ಹೊರಗೆ ಬಿಟ್ರು."

ಅವಳು ತನ್ನ ಹಾಳೆಯ ಪಕ್ಕಕ್ಕೆ ಅದನ್ನಿಟ್ಟಳು. ಹರಿದ ಅಂಚುಗಳು ಕೂಡಿಕೊಂಡವು. ಮೊದಲ ಸಾಲು: ಸಾಯುವ ತನಕ ನಂಬಿಗಸ್ತನಾಗಿರು.

ಹತ್ತನೇ ವರ್ಷ ಮುಗಿಯುವಷ್ಟರಲ್ಲಿ ಒಬ್ಬ ಬಂದಿದ್ದ. ಹಾಳೆ ಸುಳ್ಳಾಡಿರಲಿಲ್ಲ, ಬರುವವನು ಯಾರೆಂದು ಹೇಳಿರಲಿಲ್ಲ ಅಷ್ಟೆ.

ಲೆತೆನ್ಸಾಯಿ ನೀರು ಹಾಕಿ ಮೂರನೇ ಸುತ್ತು ಕುದಿಸಿದಳು. ಗಂಡನ ಬಟ್ಟಲಿಗೆ ಬಗ್ಗಿಸಿ ಕಿಬ್ರೋಮ್‌ನ ಮುಂದಿಟ್ಟಳು.

"ಕುಡಿ. ಅವತ್ತು ಇದನ್ನ ಕುಡೀದೇ ಎದ್ದು ಹೋದ್ರಿ."

ಅವನು ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಕುಡಿದ. ಅವಳು ಅಂಗಳಕ್ಕೆ ಹೋಗಿ ಕೋಟು ತಂದು ಅವನ ಹೆಗಲಿಗೆ ಹೊದಿಸಿದಳು. ಅದು ಅವನಿಗೆ ತುಂಬ ದೊಡ್ಡದಾಗಿತ್ತು.